ಅಕ್ಕನ ಮಿಷನ್ನಿಗೆ ಅಂಟಿದ ಅಯಸ್ಕಾಂತ

ಅಯಸ್ಕಾಂತವೆಂದ ಮೇಲೆ ಅದು ತಾನಾಗಿಯೇ ಅಂಟಿಕೊಳ್ಳಬೇಕು ಎಂಬ ನಂಬಿಕೆಯಲ್ಲಿ ಐವತ್ತು ದಾಟುವವರೆಗೂ ನೆಮ್ಮದಿಯಾಗಿ ಬದುಕಿದ್ದವನು ನಾನು. ಆ ನಂಬಿಕೆ ಕಳಚಿ ಬಿದ್ದದ್ದು ತುಮಕೂರಿನ ನಮ್ಮ ಮನೆಯ ಪೋರ್ಟಿಕೋದಲ್ಲಿ, ಒಂದು ಭಾನುವಾರದ ಬೆಳಿಗ್ಗೆ. ಸೈಕಲ್ಲಿನ ಪಕ್ಕದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು, ಹುಣಸೆಬೀಜದಷ್ಟೇ ಇದ್ದ ಒಂದು ಕಪ್ಪು ತುಣುಕನ್ನು ಪೆಡಲಿನ ತೋಳಿಗೆ ಒತ್ತಿ ಹಿಡಿದು, ಮಗುವನ್ನು ಮೊದಲ ಸಲ ನಿಲ್ಲಿಸಿ ಕೈ ಬಿಡುವವರ ಹಾಗೆ ಮೆಲ್ಲಗೆ ಬೆರಳು ತೆಗೆದರೆ ಅದು ಟಪ್ಪೆಂದು ನೆಲಕ್ಕೆ ಬೀಳುತ್ತಿತ್ತು. ಬಿದ್ದದ್ದು ಅಲ್ಲಿಗೇ ಸುಮ್ಮನಾಗದೆ ಉರುಳಿಕೊಂಡು ಹೋಗಿ ಗೇಟಿನ ಸರಳನ್ನು ಎಷ್ಟು ಬಿಗಿಯಾಗಿ ಕಚ್ಚಿ ಹಿಡಿಯುತ್ತಿತ್ತೆಂದರೆ, ಅದನ್ನು ಬಿಡಿಸಲು ಉಗುರು ಸವೆಯಬೇಕು. ಬೇಡವೆಂದಲ್ಲಿ ಪ್ರಾಣ ಬಿಟ್ಟರೂ ಬಿಡದ, ಬೇಕೆಂದಲ್ಲಿ ಕ್ಷಣಮಾತ್ರವೂ ನಿಲ್ಲದ ಇಂಥ ಜೀವಿಗಳನ್ನು ನಾನು ಸ್ಟಾಫ್ ರೂಮಿನಲ್ಲಿ ಕಂಡಿದ್ದೆನೇ ಹೊರತು ಸೈಕಲ್ ಸಾಮಾನಿನ ಡಬ್ಬಿಯಲ್ಲಿ ಕಂಡಿರಲಿಲ್ಲ.

ಈ ಅಯಸ್ಕಾಂತ ನನ್ನ ಮನೆಗೆ ಬಂದ ಕಥೆಯನ್ನೂ ಹೇಳಿಬಿಡಬೇಕು. ನಾನು ಗುಬ್ಬಿಯ ಕಾಲೇಜೊಂದರಲ್ಲಿ ಇತಿಹಾಸ ಪಾಠ ಮಾಡುವವನು. ವಾರದ ದಿನಗಳಲ್ಲಿ ರೈಲಿನಲ್ಲಿ ಕುಳಿತು ಗುಬ್ಬಿಗೆ ಹೋಗಿಬರುತ್ತೇನೆ. ಭಾನುವಾರ, ಯಾರೂ ಸಂಬಳ ಕೊಡದಿದ್ದರೂ, ಮೈಗಂಟಿದ ಚಡ್ಡಿ ತೊಟ್ಟು, ಅಣಬೆಯಂಥ ಶಿರಸ್ತ್ರಾಣ ಧರಿಸಿ, ಅದೇ ಗುಬ್ಬಿಗೆ ಸೈಕಲ್ ತುಳಿದುಕೊಂಡು ಹೋಗಿ ಒಂದು ಕಾಫಿ ಕುಡಿದು ವಾಪಸಾಗುತ್ತೇನೆ. ಇದಕ್ಕೆ ನನ್ನ ಹೆಂಡತಿ ಇಟ್ಟಿರುವ ಹೆಸರನ್ನು ಇಲ್ಲಿ ಬರೆಯಲಾರೆ. ಅಮಾನಿಕೆರೆಯ ಬಳಿ ಬೆಳಿಗ್ಗೆ ಸೇರುವ ನಮ್ಮ ಗುಂಪಿನಲ್ಲಿ ನನಗಿಂತ ಅರ್ಧ ವಯಸ್ಸಿನವರೇ ಹೆಚ್ಚು. ಅವರಲ್ಲೊಬ್ಬರು ಒಂದು ದಿನ, "ಸಾರ್, ನಿಮ್ ಕೇಡೆನ್ಸ್ ಎಷ್ಟು ಬರ್ತೈತೆ?" ಎಂದು ಕೇಳಿದರು. ಬಿ.ಪಿ., ಶುಗರ್ ಇವುಗಳ ಸಾಲಿಗೆ ಹೊಸದೊಂದು ಕಾಯಿಲೆ ಸೇರಿರಬೇಕೆಂದು ಭಾವಿಸಿ, "ಕಂಟ್ರೋಲಿನಲ್ಲಿದೆ" ಎಂದು ಗಂಭೀರವಾಗಿ ಉತ್ತರಿಸಿದೆ. ಅವರು ನಕ್ಕಿದ್ದನ್ನು ನೋಡಿ ಮನೆಗೆ ಬಂದು ವಿಚಾರಿಸಿದಾಗ ತಿಳಿದದ್ದಿಷ್ಟು: ಒಂದು ನಿಮಿಷಕ್ಕೆ ಪೆಡಲು ಎಷ್ಟು ಸುತ್ತು ಸುತ್ತುತ್ತದೋ ಅದೇ ಕೇಡೆನ್ಸು. ಅದನ್ನೆಣಿಸಲು ಒಂದು ಪುಟ್ಟ ಸೆನ್ಸರನ್ನು ಸೈಕಲ್ಲಿನ ಚೌಕಟ್ಟಿಗೆ ಕಟ್ಟಬೇಕು. ಪೆಡಲಿನ ತೋಳಿಗೆ ಅಯಸ್ಕಾಂತ ಅಂಟಿಸಬೇಕು. ಪ್ರತಿ ಸುತ್ತಿಗೂ ಅದು ಸೆನ್ಸರಿನ ಎದುರು ಹಾದಾಗ ಒಂದು ಕೆಂಪು ದೀಪ ಮಿನುಗಿ, ಲೆಕ್ಕವು ಮೊಬೈಲಿಗೆ ಹೋಗುತ್ತದೆ. ಇಷ್ಟು ವರ್ಷ ಯಾವ ಲೆಕ್ಕವೂ ಇಲ್ಲದೆ ತುಳಿದೆನಲ್ಲಾ ಎಂದು ಪರಿತಪಿಸಿ ಅವತ್ತೇ ತರಿಸಿದೆ.

ಅಯಸ್ಸು ಎಂದರೆ ಕಬ್ಬಿಣ, ಕಾಂತ ಎಂದರೆ ಅದಕ್ಕೆ ಪ್ರಿಯನಾದವನು. ನಮ್ಮ ಪೂರ್ವಿಕರು ಹೆಸರಿನಲ್ಲೇ ಎಚ್ಚರಿಕೆ ಕೊಟ್ಟಿದ್ದರೂ ಗಮನಿಸದೆ ಹೋದವನು ನಾನೇ. ಈ ಕಾಲದ ಸೈಕಲ್ಲಿನ ಪೆಡಲ್ ತೋಳು ಅಲ್ಯುಮಿನಿಯಮ್ಮಿನದು. ಅದರ ಮೇಲೆ ಈ ಕಾಂತನಿಗೆ ಎಳ್ಳಷ್ಟೂ ಮೋಹವಿಲ್ಲ. ಗಮ್ ಟೇಪು ಸುತ್ತಿದೆ, ಬೆವರಿಗೆ ಬಿಟ್ಟುಕೊಂಡಿತು. ಹೆಂಡತಿಯ ಕೂದಲಿನ ರಬ್ಬರ್ ಬ್ಯಾಂಡು ಹಾಕಿದೆ, ಊರು ದಾಟುವುದರೊಳಗೆ ಅದು ಜಾರಿ, ನಾನು ಹೆದ್ದಾರಿಯ ಅಂಚಿನಲ್ಲಿ ಬಗ್ಗಿ ಹುಡುಕುತ್ತಿದ್ದಾಗ ಲಾರಿಯವನೊಬ್ಬ ನಿಲ್ಲಿಸಿ, "ಏನ್ ಯಜಮಾನ್ರೇ, ಹಲ್ ಸೆಟ್ ಬಿದ್ದೋಯ್ತಾ?" ಎಂದು ಕನಿಕರದಿಂದ ವಿಚಾರಿಸಿದ. ಕೊನೆಗೆ ವೈರು ಕಟ್ಟುವ ಪ್ಲಾಸ್ಟಿಕ್ ಟ್ಯಾಗಿನಿಂದ ಬಿಗಿದು ನಿಲ್ಲಿಸಿದ್ದಾಯಿತು. ಅಯಸ್ಕಾಂತ, ಸೆನ್ಸರು ಎರಡರ ನಡುವೆ ಒಂದು ನಾಣ್ಯ ತೂರುವಷ್ಟೇ ಅಂತರವಿರಬೇಕು. ಹೆಚ್ಚಾದರೆ ಕಾಣಿಸದು, ಕಡಿಮೆಯಾದರೆ ಉಜ್ಜುತ್ತದೆ. ಆ ಅಂತರವನ್ನು ಸಾಧಿಸಲು ನಾನು ಪಟ್ಟ ಪಾಡನ್ನು ಸಂಸಾರದಲ್ಲಿ ಪಟ್ಟಿದ್ದರೆ ಮನೆ ಇನ್ನೂ ಚೆನ್ನಾಗಿರುತ್ತಿತ್ತೆಂದು ಒಳಗಿನಿಂದ ಧ್ವನಿಯೊಂದು ಕೇಳಿಬಂತು.

ಇಷ್ಟೆಲ್ಲ ಆಗುವಾಗ ಕುಣಿಗಲ್ಲಿನಲ್ಲಿ ನನ್ನ ಅಕ್ಕ ಕಾಲು ಚಾಚಿ ಮಂಚದ ಮೇಲೆ ಕುಳಿತಿದ್ದಳು. ನನ್ನ ಸೈಕಲ್ ಪುರಾಣವನ್ನು ನಿಮ್ಮೆದುರು ಬಿಚ್ಚಿದ್ದೇ ಅವಳ ವಿಷಯಕ್ಕೆ ಬರಲು.

ಅಕ್ಕ ಬ್ಲೌಸು ಹೊಲಿಯುವವಳು. ಕೆರೆಯ ಕಡೆಯ ಬೀದಿಯಲ್ಲಿ ಅವಳ ಮನೆ. ಬೀದಿಗೆ ತೆರೆದ ಮುಂದಿನ ಕೋಣೆಯೇ ಅಂಗಡಿ. ಭಾವನಿಗೆ ಕೊತ್ತಗೆರೆಯ ಹತ್ತಿರ ತೆಂಗಿನ ತೋಟವಿದೆ, ಊಟಕ್ಕೇನೂ ಕೊರತೆಯಿಲ್ಲ. ಆದರೂ ಅಕ್ಕನನ್ನು ಕುಣಿಗಲ್ಲಿನಲ್ಲಿ ಯಾರೂ ಭಾವನ ಹೆಂಡತಿ ಎಂದು ಗುರುತಿಸುವುದಿಲ್ಲ. ಭಾವನನ್ನೇ "ಬ್ಲೌಸ್ ಅಕ್ಕನ ಯಜಮಾನ್ರು" ಎನ್ನುತ್ತಾರೆ, ಮತ್ತು ಅವರು ಅದಕ್ಕೆ ಓಗೊಡುತ್ತಾರೆ. ಬೇಸಿಗೆಯಲ್ಲಿ ಹುಲಿಯೂರುದುರ್ಗಕ್ಕೆ ಮದುವೆಗೆ ಹೋಗಿದ್ದವಳು ಬಸ್ಸಿನ ಮೆಟ್ಟಿಲಿನಿಂದ ಇಳಿಯುವಾಗ ಬಿದ್ದು ಬಲಗಾಲಿನ ಪಾದದ ಕೀಲನ್ನು ಮುರಿದುಕೊಂಡಳು. ಆಪರೇಷನ್ ಆಯಿತು, ಪ್ಲೇಟು ಕೂರಿಸಿದರು, ಮೂಳೆ ಕೂಡಿಕೊಂಡಿತು. ಆದರೆ ಕಟ್ಟು ಬಿಚ್ಚಿದ ಮೇಲೆ ಪಾದ ಮಾತ್ರ ಮರದ ಹಲಗೆಯಂತೆ ಬಿಗಿದು ನಿಂತಿತ್ತು. ಅಕ್ಕನದು ಕಾಲಿನಲ್ಲಿ ತುಳಿಯುವ ಹಳೆಯ ಮಿಷನ್. ಕೆಳಗಿನ ಹಲಗೆಯ ಮೇಲೆ ಎರಡೂ ಪಾದವಿಟ್ಟು ಹಿಮ್ಮಡಿ, ಮುಂಗಾಲು, ಹಿಮ್ಮಡಿ, ಮುಂಗಾಲು ಎಂದು ಒಂದೇ ಲಯದಲ್ಲಿ ಒತ್ತುತ್ತ ಹೋಗಬೇಕು. ಲಯ ಎಲ್ಲಾದರೂ ತಪ್ಪಿದರೆ ಚಕ್ರ ಹಿಂದಕ್ಕೆ ತಿರುಗಿ ದಾರ ಪಟ್ಟೆಂದು ಕಿತ್ತುಹೋಗುತ್ತದೆ.

ಮೋಟರ್ ಹಾಕಿಸು ಎಂದು ಎಲ್ಲರೂ ಹೇಳಿದೆವು. "ಅದು ಓಡ್ತದೆ, ಅದರ ಹಿಂದೆ ನಾನೂ ಓಡ್ಬೇಕು. ಕುತ್ತಿಗೆ ತಿರುವಲ್ಲಿ ನಂಗೆ ಒಂದೊಂದೇ ಹೊಲಿಗೆ ಬೀಳ್ಬೇಕು, ಬ್ಯಾಡ ಬುಡು," ಎಂದು ತಳ್ಳಿಹಾಕಿದಳು. ಬಟ್ಟೆ ತಂದವರಿಗೆಲ್ಲ "ಬೇರೆ ಕಡೆ ಕೊಡಮ್ಮ" ಎಂದು ಹೇಳಿ ಕಳುಹಿಸಿದಳು. ಫಿಸಿಯೋಥೆರಪಿಗೆ ಬರುತ್ತಿದ್ದ ನಂದಿನಿ ಎಂಬ ಹುಡುಗಿ ಹೇಳಿಕೊಟ್ಟ ವ್ಯಾಯಾಮಗಳನ್ನು, ಅವಳು ಗೇಟು ದಾಟುವವರೆಗೆ ಮಾತ್ರ ಶ್ರದ್ಧೆಯಿಂದ ಮಾಡಿದಳು. ಒಂದು ದಿನ ನನಗೆ ಫೋನು ಮಾಡಿ, ಯಾವ ಪೀಠಿಕೆಯೂ ಇಲ್ಲದೆ ಅಂದಳು: "ವಿಜಯದಶಮಿ ದಿನ ಮಿಷನ್ ಮೇಲೆ ಕೂತ್ಕೊತೀನಿ ಕಣೋ. ಅವತ್ತೂ ಕಾಲು ಬರ್ಲಿಲ್ಲ ಅಂದ್ರೆ ಯಾರ್ಗಾದ್ರೂ ಕೊಟ್ಬುಡ್ತೀನಿ. ದಿನಾ ಅದರ ಮೊಖ ನೋಡ್ಕಂಡು ಕೂರಕ್ಕಾಗಲ್ಲ." ಆಯುಧಪೂಜೆಗೆ ಮಿಷನ್ನನ್ನು ತೊಳೆದು ಪೂಜೆ ಮಾಡಿ, ಮಾರನೆಯ ಬೆಳಿಗ್ಗೆ ಮೊದಲ ಹೊಲಿಗೆ ಹಾಕುವುದು ಅವಳ ಪದ್ಧತಿ. ಅಕ್ಕ ಹೆದರಿದ್ದನ್ನು ನಾನು ಅವತ್ತೇ ಮೊದಲು ಕೇಳಿದ್ದು. ನನಗೂ ಹೆದರಿಕೆಯಾಯಿತು. ಮಿಷನ್ ಇಲ್ಲದ ಆ ಕೋಣೆಯಲ್ಲಿ ಅಕ್ಕ ಏನು ಮಾಡುತ್ತ ಕುಳಿತಿರುತ್ತಾಳೆಂದು ಎಷ್ಟು ಯೋಚಿಸಿದರೂ ನನಗೆ ಹೊಳೆಯಲಿಲ್ಲ.

ಪಾದಕ್ಕೆ ಸೈಕಲ್ ತುಳಿಯುವುದು ಒಳ್ಳೆಯದೆಂದು ನಂದಿನಿ ಹೇಳಿದ್ದಳು. ಲೆಕ್ಕವಿದ್ದರೆ ಹುರುಪು ಬರುತ್ತದೆಂದು ನನ್ನ ಸಿದ್ಧಾಂತ. ಹೀಗೆ ವೈದ್ಯಶಾಸ್ತ್ರ ಮತ್ತು ನನ್ನ ಶಾಸ್ತ್ರ ಎರಡನ್ನೂ ಕೂಡಿಸಿ, ಸೈಕಲ್ಲನ್ನು ಸೆನ್ಸರು-ಅಯಸ್ಕಾಂತ ಸಮೇತ ಪರಿಚಯದವರ ಗೂಡ್ಸ್ ಆಟೋದಲ್ಲಿ ಹೇರಿಕೊಂಡು ಕುಣಿಗಲ್ಲಿಗೆ ಹೋದೆ. ಹಿಂದಿನ ಚಕ್ರ ನೆಲಕ್ಕೆ ತಾಗದಂತೆ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಕೋಣೆಯ ನಡುವೆ ಅದನ್ನು ಪ್ರತಿಷ್ಠಾಪಿಸಿ, ಅಕ್ಕನನ್ನು ಆಹ್ವಾನಿಸಿದೆ. ಅಕ್ಕ ಸೈಕಲ್ಲನ್ನು ನೋಡಿದಳು, ಅದರ ಎತ್ತರದ ಸೀಟನ್ನು ನೋಡಿದಳು, ಬೀದಿಗೆ ತೆರೆದ ಬಾಗಿಲನ್ನು ನೋಡಿದಳು, ಕೊನೆಗೆ ನನ್ನನ್ನು ನೋಡಿದಳು.

"ಏನ್ಲಾ, ಸೀರೆ ಉಟ್ಕಂಡು ಇದರ ಮೇಲೆ ಹತ್ತಿ ಕೂತ್ಕಳಾ? ಬೀದಿಯೋರೆಲ್ಲಾ ಟಿಕೆಟ್ ಇಲ್ದೆ ಬಂದ್ ನೋಡ್ಲಿ ಅಂತಾನಾ?"

ಭಾವ ಬಾಗಿಲು ಹಾಕುತ್ತೇನೆಂದರು. ಬಾಗಿಲು ಹಾಕಿದರೆ ಒಳಗೆ ಏನೋ ನಡೆಯುತ್ತಿದೆಯೆಂದು ಇನ್ನೂ ಹೆಚ್ಚು ಜನ ಸೇರುತ್ತಾರೆಂದು ಅಕ್ಕ ವಾದಿಸಿದಳು. ಅದೂ ನಿಜವೇ. ಬಂದಿದ್ದಕ್ಕೆ ಊಟ ಮಾಡಿ, ಮುದ್ದೆ ನುಂಗಿ, ಸೋತ ಸೇನಾಪತಿಯ ಭಂಗಿಯಲ್ಲಿ ಕೋಣೆಯಲ್ಲಿ ಕುಳಿತಿದ್ದಾಗ, ಕೈಯಲ್ಲಿ ಸುಮ್ಮನೆ ತಿರುಗಿಸುತ್ತಿದ್ದ ಇನ್ನೊಂದು ಅಯಸ್ಕಾಂತ, ಡಬ್ಬಿಯಲ್ಲಿ ಹೆಚ್ಚಿಗೆ ಬಂದಿದ್ದದ್ದು, ಬೆರಳಿನಿಂದ ಚಂಗನೆ ಹಾರಿ ಮಿಷನ್ನಿನ ಕೆಳಗಿನ ದೊಡ್ಡ ಚಕ್ರಕ್ಕೆ ಟಕ್ಕೆಂದು ಅಂಟಿಕೊಂಡಿತು. ಎರಕದ ಕಬ್ಬಿಣದ ಚಕ್ರ. ಟೇಪು ಬೇಡ, ಟ್ಯಾಗು ಬೇಡ, ಅನುನಯ ಬೇಡ. ನನ್ನ ಸೈಕಲ್ಲಿನೊಡನೆ ವಾರಗಟ್ಟಲೆ ಮುನಿಸಿಕೊಂಡಿದ್ದ ವಸ್ತು ಅಕ್ಕನ ಮಿಷನ್ನನ್ನು ಹುಟ್ಟಿದ ಮನೆಯಂತೆ ಹೊಕ್ಕು ಕುಳಿತಿತ್ತು.

ಪೆಡಲು ಎಂದರೆ ಪೆಡಲೇ ತಾನೆ? ಸೈಕಲ್ಲಿನಲ್ಲಿ ತುಳಿದರೆ ಊರು ಸೇರುತ್ತೇವೆ, ಮಿಷನ್ನಿನಲ್ಲಿ ತುಳಿದರೆ ರವಿಕೆ ಆಗುತ್ತದೆ. ಚಕ್ರ ಸುತ್ತುವುದು ಎರಡರಲ್ಲೂ ಒಂದೇ. ಸೆನ್ಸರನ್ನು ಸೈಕಲ್ಲಿನಿಂದ ಬಿಚ್ಚಿ ಮಿಷನ್ನಿನ ಕಬ್ಬಿಣದ ಕಾಲಿಗೆ ಕಟ್ಟಿದೆ, ನಾಣ್ಯ ತೂರಿಸಿ ಅಂತರ ನೋಡಿದೆ, ಭಾವನ ಮೊಬೈಲಿಗೆ ಜೋಡಿಸಿದೆ. ಅಕ್ಕ ಮೇಲಿನ ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿದಳು. ಕೆಂಪು ದೀಪ ಮಿನುಗಿತು.

"ಓ," ಎಂದಳು ಅಕ್ಕ. ಅಷ್ಟೇ ಅಂದದ್ದು. ಆದರೆ ಬಗ್ಗಿ ನೋಡುತ್ತ ಇನ್ನೊಂದು ಸುತ್ತು ತಿರುಗಿಸಿದಳು.

ಅಂದಿನಿಂದ ಪ್ರತಿ ಸಂಜೆ ಭಾವ ಮೊಬೈಲಿನ ಪರದೆಯ ಚಿತ್ರ ಕಳುಹಿಸತೊಡಗಿದರು. ಸೂಜಿಗೆ ದಾರ ಹಾಕದೆ ಬರಿದೇ ತುಳಿಯುವ ಅಭ್ಯಾಸ. ಸುತ್ತಿನ ಲೆಕ್ಕ ತೋರಿಸುವ ಗೆರೆ ಮೊದಮೊದಲು ಅಂಕುಡೊಂಕಾಗಿತ್ತು. ವಾರ ಕಳೆಯುವುದರೊಳಗೆ ನೆಟ್ಟಗಾಯಿತು. ಆಮೇಲೆ ನನ್ನ ಹಿಂದಿನ ಭಾನುವಾರಗಳ ಗೆರೆಗಿಂತಲೂ ನೆಟ್ಟಗಾಯಿತು. ನಾನು ರೈಲಿನಲ್ಲಿ ಅಕ್ಕಪಕ್ಕದವರಿಗೆಲ್ಲ ಆ ಚಿತ್ರಗಳನ್ನು ತೋರಿಸಿ, ಇದು ನನ್ನ ಆವಿಷ್ಕಾರವೆಂದು ವಿನಯದಿಂದ ಹೇಳಿಕೊಂಡೆ. ಗುಬ್ಬಿ ಬಂದರೂ ಇಳಿಯಲು ಬಿಡದೆ ಹೇಳಿದ್ದುಂಟು. ವಿಜಯದಶಮಿಗೆ ಇನ್ನೂ ದಿನಗಳಿದ್ದವು, ಕೆಲಸ ಆಗಲೇ ಗೆದ್ದಂತಾಗಿತ್ತು.

ಗೆದ್ದ ಉತ್ಸಾಹದಲ್ಲೇ ಒಂದು ಶನಿವಾರ ಕುಣಿಗಲ್ಲಿಗೆ ಹೋದೆ. ನಂದಿನಿಯೂ ಬಂದಿದ್ದಳು. ಅಕ್ಕ ತುಳಿಯುತ್ತಿದ್ದಳು, ದೀಪ ತಾಳ ಹಾಕಿದಂತೆ ಮಿನುಗುತ್ತಿತ್ತು, ಭಾವ ಮೊಬೈಲನ್ನು ತಟ್ಟೆಯಂತೆ ಹಿಡಿದು ನಿಂತಿದ್ದರು. ನಾವಿಬ್ಬರೂ ನೋಡುತ್ತಿದ್ದದ್ದು ಮೊಬೈಲನ್ನು. ನಂದಿನಿ ಅದರತ್ತ ತಿರುಗಿಯೂ ನೋಡದೆ ನೆಲದ ಮೇಲೆ ಕುಳಿತು ಅಕ್ಕನ ಸೀರೆಯ ನೆರಿಗೆಯನ್ನು ಸ್ವಲ್ಪ ಎತ್ತಿದಳು.

"ಆಂಟಿ, ಇದೇನ್ ಮಾಡ್ತಿದೀರ? ಎಲ್ಲಾ ಕೆಲಸ ಎಡಗಾಲೇ ಮಾಡ್ತಿದೆ!"

ನಿಜ. ಎಡಗಾಲು ಏಕಾಂಗಿಯಾಗಿ ದುಡಿಯುತ್ತಿತ್ತು. ಬಲಗಾಲು ಬೀಗರ ಮನೆಗೆ ಬಂದವರಂತೆ ಹಲಗೆಯ ಅಂಚಿನಲ್ಲಿ ಮರ್ಯಾದೆಯಾಗಿ ಕುಳಿತು, ಹಲಗೆ ಏರಿದಾಗ ಏರಿ, ಇಳಿದಾಗ ಇಳಿಯುತ್ತಿತ್ತು. ಅಕ್ಕ ಮೋಸ ಮಾಡಿದಳೆಂದು ನಾನು ಹೇಳಲಾರೆ. ನೋಯುವ ಕಾಲನ್ನು ಇನ್ನೊಂದು ಕಾಲು ತಾನಾಗಿಯೇ ಬಚ್ಚಿಟ್ಟುಕೊಂಡಿತ್ತು. ಅವಳಿಗೂ ಅದು ತಿಳಿದಿರಲಿಲ್ಲ. "ಹಂಗಾರೆ ಇಷ್ಟ್ ದಿನ ತುಳಿದಿದ್ದೆಲ್ಲಾ?" ಎಂದಳು. ನಂದಿನಿ ಎಡಗಾಲನ್ನು ಎತ್ತಿ ಒಂದು ಮಣೆಯ ಮೇಲಿಟ್ಟಳು. ಬಲಗಾಲೊಂದರಿಂದಲೇ ತುಳಿಯಲು ಹೇಳಿದಳು. ಅಕ್ಕ ಹಲ್ಲು ಕಚ್ಚಿ ಒತ್ತಿದಳು. ಹಲಗೆ ಅರ್ಧಕ್ಕೆ ಇಳಿಯಿತು, ಚಕ್ರ ಮುಂದಕ್ಕೆ ಹೋಗಲಾರದೆ ಒಂದು ಕ್ಷಣ ಅನುಮಾನಿಸಿ ಹಿಂದಕ್ಕೆ ತಿರುಗಿತು. ಕೆಂಪು ದೀಪ ಆಗಲೂ ಮಿನುಗಿತು! ಭಾವ ಮೊಬೈಲು ನೋಡಿ, "ಬಂತು, ಬಂತು, ಒಂದು," ಎಂದರು.

"ಏನ್ ಬಂತು ನಿಮ್ ತಲೆ!" ಎಂದು ಅಕ್ಕ ಕಿರುಚಿದಳು. ಆಮೇಲೆ ಮಿಷನ್ನಿನ ಮೇಲೆ ತಲೆಯಿಟ್ಟು ಅತ್ತಳು. "ನನ್ ಕಾಲು ನನ್ ಮಾತೇ ಕೇಳಲ್ಲ ಕಣೋ," ಎಂದಳು. ನನಗೆ ತುಂಬ ದುಃಖವಾಯಿತು. ಅದಕ್ಕಿಂತ ಹೆಚ್ಚಾಗಿ ನನ್ನ ಆವಿಷ್ಕಾರದ ಮೇಲೆ ಕೋಪ ಬಂತು.

ಆ ಸಂಜೆ ತುಮಕೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಕುಳಿತು ಆ ಸಣ್ಣ ಯಂತ್ರದ ಬಗ್ಗೆ ಯೋಚಿಸಿದೆ. ಅದರ ತಪ್ಪೇನೂ ಇರಲಿಲ್ಲ. ಅಯಸ್ಕಾಂತ ಎದುರಿಗೆ ಬಂತು ಎಂಬ ಒಂದೇ ಸಂಗತಿ ಅದಕ್ಕೆ ಗೊತ್ತು. ಯಾವ ಕಾಲು ತಂದಿತು, ಮುಂದಕ್ಕೆ ತಂದಿತೋ ಹಿಂದಕ್ಕೋ, ನೋವಿನಿಂದಲೋ ಸರಾಗವಾಗಿಯೋ, ಇದೆಲ್ಲ ನಾವು ನಾವೇ ಕಲ್ಪಿಸಿಕೊಂಡದ್ದು. ನನ್ನ ತರಗತಿಯ ಹಾಜರಿಯೂ ಹೀಗೇ ಅಲ್ಲವೇ? "ಪ್ರೆಸೆಂಟ್ ಸಾರ್" ಎಂದವರೆಲ್ಲ ಹಾಜರೆಂದು ಗುರುತು ಹಾಕುತ್ತೇನೆ. ಅವರಲ್ಲಿ ಎಷ್ಟು ಜನ ಮೌರ್ಯರ ಜೊತೆಗಿದ್ದಾರೆ, ಎಷ್ಟು ಜನ ಕ್ಯಾಂಟೀನಿನ ಜೊತೆಗಿದ್ದಾರೆ ಎಂದು ಕೇಳಲು ಹೋಗುವುದಿಲ್ಲ. ಹಾಗೆಂದು ಹಾಜರಿ ತೆಗೆದುಕೊಳ್ಳುವುದೇ ತಪ್ಪೆಂದೇನೂ ನಾನು ಹೇಳುವುದಿಲ್ಲ. ಆ ಕೆಂಪು ದೀಪದ ಆಸೆಗೆ ಅಕ್ಕ ಮಂಚ ಬಿಟ್ಟೆದ್ದು ಮಿಷನ್ನಿನ ಮುಂದೆ ಬಂದು ಕುಳಿತಳಲ್ಲ, ಅಷ್ಟಂತೂ ಅದು ಮಾಡಿತ್ತು. ಮಿಕ್ಕದ್ದನ್ನು ಬಲಗಾಲೇ ಮಾಡಬೇಕಿತ್ತು.

ಮಾರನೆಯ ದಿನ ಅಕ್ಕನಿಗೆ ಫೋನು ಮಾಡಲು ಧೈರ್ಯವಾಗದೆ ಭಾವನಿಗೆ ಮಾಡಿದೆ. "ತುಳೀತಾವ್ಳೆ ಕಣಪ್ಪ. ಎಡಗಾಲ್ನ ಮಣೆ ಮೇಲೆ ಮಡಗ್ಕಂಡವ್ಳೆ. ಹತ್ರ ಹೋದ್ರೆ ಬೈತಾಳೆ," ಎಂದರು. ನನಗೆ ನೆಮ್ಮದಿಯಾಯಿತು, ಅಕ್ಕ ಬೈಯುತ್ತಿದ್ದಾಳೆಂದರೆ ಬದುಕಿಗೆ ಮರಳುತ್ತಿದ್ದಾಳೆಂದೇ ನಮ್ಮ ಮನೆತನದಲ್ಲಿ ಅರ್ಥ. ನಂದಿನಿ ಹೇಳಿಕೊಟ್ಟ ವ್ಯಾಯಾಮಗಳನ್ನೂ ಈಗ ಅವಳು ಗೇಟು ದಾಟಿದ ಮೇಲೂ ಮಾಡುತ್ತಿದ್ದಳಂತೆ. ಸಂಜೆಯ ಚಿತ್ರಗಳಲ್ಲಿ ಗೆರೆ ಮತ್ತೆ ಅಂಕುಡೊಂಕಾಯಿತು, ಅಲ್ಲಲ್ಲಿ ತುಂಡಾಯಿತು, ಹಳೆಯ ಎತ್ತರದ ಅರ್ಧಕ್ಕೂ ಏರಲಿಲ್ಲ. ನಾನು ಅವನ್ನು ರೈಲಿನಲ್ಲಿ ಯಾರಿಗೂ ತೋರಿಸಲಿಲ್ಲ. ಆದರೆ ಆ ಸೊಟ್ಟ ಗೆರೆಯನ್ನು ನೋಡಿದಾಗಲೆಲ್ಲ ನನಗೆ ಹಿಂದಿನ ನೆಟ್ಟನೆಯ ಗೆರೆಗಿಂತ ಹೆಚ್ಚು ಸಂತೋಷವಾಗುತ್ತಿತ್ತು. ನನ್ನ ಸೈಕಲ್ಲಿನ ಅಯಸ್ಕಾಂತವೂ ಈ ನಡುವೆ ಎಲ್ಲೋ ಬಿದ್ದುಹೋಗಿತ್ತು. ಸೆನ್ಸರೇ ಇಲ್ಲದ ಮೇಲೆ ಅದನ್ನು ಹುಡುಕುವ ಗೋಜಿಗೂ ಹೋಗಲಿಲ್ಲ.

ಆಯುಧಪೂಜೆಯ ದಿನ ಕಾಲೇಜಿನ ಪೂಜೆ ಮುಗಿಸಿ, ವಿಜಯದಶಮಿಯ ಬೆಳಿಗ್ಗೆ ಬೇಗ ಬಸ್ಸು ಹತ್ತಿ ಕುಣಿಗಲ್ಲಿಗೆ ಹೋದೆ. ಬಾಗಿಲಿಗೆ ಮಾವಿನ ತೋರಣ, ಬೀದಿಯ ವಾಹನಗಳಿಗೆಲ್ಲ ಬಾಳೆಕಂದು, ಚೆಂಡುಹೂವು. ಭಾವ ಒಳಗಿರದೆ ಹೊರಗೆ ಜಗುಲಿಯ ಮೇಲೆ ಕುಳಿತಿದ್ದರು. ನನ್ನನ್ನು ನೋಡಿ ಮೆಲ್ಲಗೆ, "ಇಲ್ಲೇ ಕೂತ್ಕೊ. ಸುರು ಮಾಡವ್ಳೆ," ಎಂದರು. ಇಬ್ಬರೂ ಪರೀಕ್ಷೆಯ ಕೊಠಡಿಯ ಹೊರಗೆ ಕಾಯುವ ತಂದೆತಾಯಿಗಳಂತೆ ಕಿವಿ ನಿಮಿರಿಸಿ ಕುಳಿತೆವು. ಒಳಗೆ ಮಿಷನ್ ಗಡಗಡ ಎಂದಿತು, ನಿಂತಿತು. ದಾರ ಕಿತ್ತ ಶಬ್ದ. ಸೂಜಿಗೆ ಮತ್ತೆ ಪೋಣಿಸುವಷ್ಟು ಹೊತ್ತು ಮೌನ. ಮತ್ತೆ ಗಡಗಡ, ಮತ್ತೆ ಮೌನ. ಭಾವ ಟವೆಲಿನಿಂದ ಕತ್ತು ಒರೆಸಿಕೊಂಡರು. ಮೂರನೆಯ ಸಲ ಶುರುವಾದ ಶಬ್ದ ನಿಲ್ಲಲಿಲ್ಲ. ಸ್ವಲ್ಪ ಕುಂಟಿತು, ಸಾವರಿಸಿಕೊಂಡಿತು, ಮುಂದೆ ಹೋಯಿತು.

ಆಸೆ ತಡೆಯದೆ ಭಾವನ ಮೊಬೈಲು ತೆಗೆದು ನೋಡಿದೆ. ಸೊನ್ನೆ. ಒಳಗೆ ಮಿಷನ್ ಓಡುತ್ತಿದೆ, ಇಲ್ಲಿ ಸೊನ್ನೆ! ಬಾಗಿಲಿನಿಂದ ಇಣುಕಿದಾಗ ವಿಷಯ ತಿಳಿಯಿತು. ಹಿಂದಿನ ದಿನ ಮಿಷನ್ ತೊಳೆಯುವಾಗ ಭಾವ ಅಯಸ್ಕಾಂತವನ್ನು ಕಿತ್ತು ಪೂಜೆಯ ತಟ್ಟೆಯಲ್ಲಿದ್ದ ಕತ್ತರಿಗೆ ಅಂಟಿಸಿ, ಅದೂ ಒಂದು ಆಯುಧವೇ ತಾನೆಂದು ಅರಿಶಿನ ಕುಂಕುಮ ಹಚ್ಚಿ, ಮರಳಿ ಹಾಕುವುದನ್ನು ಮರೆತಿದ್ದರು. "ಅಯ್ಯೋ, ಮರ್ತೇಬುಟ್ನಲ್ಲಪ್ಪಾ," ಎಂದು ಹಣೆ ಚಚ್ಚಿಕೊಂಡರು. ನಾನು ಸದ್ದಿಲ್ಲದೆ ಒಳಗೆ ಹೋಗಿ ತಟ್ಟೆಗೆ ಕೈ ಹಾಕಿದೆ.

"ಅಲ್ಲೇ ಇರ್ಲಿ ಬುಡು," ಎಂದಳು ಅಕ್ಕ, ತಲೆಯೆತ್ತದೆ. "ಓಡ್ತಾ ಐತೆ. ನಿಲ್ಲಿಸ್ಬ್ಯಾಡ."

ಎಡಗಾಲು ಮಣೆಯ ಮೇಲಿತ್ತು. ಹಲಗೆಯ ಮೇಲಿದ್ದದ್ದು ಬಲಗಾಲೊಂದೇ. ಗಾಯದ ಗೆರೆ ಕಾಣುತ್ತಿತ್ತು, ಪಾದ ಇನ್ನೂ ಊದಿತ್ತು, ಆದರೆ ಹಿಮ್ಮಡಿ ಇಳಿಯುತ್ತಿತ್ತು, ಮುಂಗಾಲು ಇಳಿಯುತ್ತಿತ್ತು. ಹಳೆಯ ಬಟ್ಟೆಯೊಂದರ ಉದ್ದಕ್ಕೂ ಹೊಲಿಗೆ ಸಾಗಿ ಅಂಚು ತಲುಪಿತು. ಅಕ್ಕ ದಾರ ಕತ್ತರಿಸಿ, ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡಿದಳು. ಹೊಲಿಗೆ ಅಷ್ಟೇನೂ ನೇರವಾಗಿರಲಿಲ್ಲ, ಹೊಸದಾಗಿ ಕಲಿಯುವವರದ್ದೆನ್ನಬಹುದಿತ್ತು. ಅವಳು ಮಣೆಯನ್ನು ಪಕ್ಕಕ್ಕೆ ತಳ್ಳಿ ಎಡಗಾಲನ್ನೂ ಬಲಗಾಲಿನ ಪಕ್ಕಕ್ಕೆ ತಂದಿಟ್ಟಳು.

ಅಷ್ಟರಲ್ಲಿ ಬಾಗಿಲಿನಲ್ಲಿ ಯಾರೋ ಕೆಮ್ಮಿದರು. ಹಿಂದಿನ ಬೀದಿಯ ಹೆಣ್ಣುಮಗಳೊಬ್ಬಳು ಪ್ಲಾಸ್ಟಿಕ್ ಕವರು ಹಿಡಿದು, ಒಳಗೆ ಬರಲೋ ಬೇಡವೋ ಎಂಬಂತೆ ಹೊಸ್ತಿಲಾಚೆ ನಿಂತಿದ್ದಳು.

"ಮಿಷನ್ ಸದ್ದು ಕೇಳಿಸ್ತು ಅಕ್ಕ. ಅದಕ್ಕೇ ಬಂದೆ. ಆಗುತ್ತೋ ಇಲ್ವೋ ಗೊತ್ತಿಲ್ಲ..."

ಭಾವ ಅಕ್ಕನ ಮುಖ ನೋಡಿದರು. ನಾನೂ ನೋಡಿದೆ. ಅಕ್ಕ ಕವರಿನತ್ತ ಕೈ ಚಾಚಿದಳು.

"ಅಳತೆ ಬ್ಲೌಸ್ ತಂದಿದೀಯಾ?"